ಮಾಂಯ್ ಓದುತ್ತಿದ್ದ ಪ್ರಾರ್ಥನೆ ಪುಸ್ತಕ

ನಾವಿಬ್ಬರೂ ಕನ್ನಡ ಮಾಧ್ಯಮದ ಶಿಕ್ಷಕರು. ಕಾಸರಗೋಡು ಜಿಲ್ಲೆಯ ಉತ್ತರ ಭಾಗದವರು. ಮನೆಯೊಳಗೆ ಕೊಂಕಣಿ, ಗೇಟು ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತು ಆಫೀಸಿನಲ್ಲಿ ಮಲಯಾಳ. ನಮ್ಮ ಕಡೆ ಇದರಲ್ಲಿ ವಿಶೇಷ ಏನೂ ಇಲ್ಲ, ಎಲ್ಲರೂ ಹೀಗೆಯೇ ಬದುಕುತ್ತಾರೆ. ಆದರೆ ಈಚೆಗೆ ಕೆಲವು ಸಮಯ, ಆದಿತ್ಯವಾರ ಇಗರ್ಜಿಯ ಮೆಟ್ಟಿಲು ಹತ್ತುವಾಗ ನಮ್ಮ ಕಾಲು ಹಿಂದೇಟು ಹಾಕುತ್ತಿತ್ತು. ಯಾಕೆ ಎಂಬುದನ್ನು ಬರೆಯುವುದೋ ಬೇಡವೋ ಎಂದು ಬಹಳ ದಿನ ಯೋಚಿಸಿದೆವು. ತಪ್ಪು ನಮ್ಮದೇ, ಹಾಗಾಗಿ ನಾಚಿಕೆ. ಆದರೂ ನಮ್ಮಂಥ ಬೇರೆ ಶಿಕ್ಷಕರೂ ಇರಬಹುದು ಎಂದು ಬರೆಯುತ್ತಿದ್ದೇವೆ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಗೆಳೆಯರಿಗೆ ಮೊದಲು ಒಂದು ವಿಷಯ ಹೇಳಬೇಕು. 1956ರ ನವೆಂಬರ್ 1ರಂದು ನಮ್ಮೂರು ಕೇರಳಕ್ಕೆ ಸೇರಿತು. ಇಗರ್ಜಿ ಮಾತ್ರ ಸೇರಲಿಲ್ಲ. ಬೇಳ, ಕಯ್ಯಾರು, ಕುಂಬಳೆ, ಮಂಜೇಶ್ವರ ಇವೆಲ್ಲ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ ಇಗರ್ಜಿಗಳೇ. ನಮ್ಮ ಪ್ರಾರ್ಥನೆ ಕೊಂಕಣಿ, ಅದನ್ನು ಬರೆಯುವುದು ಕನ್ನಡ ಅಕ್ಷರದಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯೂ ಕನ್ನಡ ಲಿಪಿಯದ್ದೇ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ಜನರ ಭಾಷೆಯನ್ನೂ ಬಳಸಬಹುದು ಎಂದ ಮೇಲೆ ಲ್ಯಾಟಿನ್ ಹಿಂದೆ ಸರಿದು ಕೊಂಕಣಿ ಪೀಠದವರೆಗೆ ಬಂತು. ಅಂದರೆ ನಮ್ಮ ಹಿರಿಯರು ದೇವರ ಮುಂದೆ ಪುಸ್ತಕ ಬಿಡಿಸಿ ಕೂರಲು ಕಾರಣ ಊರಿನ ಕನ್ನಡ ಶಾಲೆ. ಅಲ್ಲಿ ಅ ಆ ಇ ಈ ತಿದ್ದಿದವರಿಗೆ ಇಗರ್ಜಿಯಲ್ಲಿ ಬೇರೆ ಅಕ್ಷರ ಕಲಿಯುವ ಕೆಲಸವೇ ಇರಲಿಲ್ಲ.

ಆದರೆ ನೀವು ಯಾರ ಪೈಕಿ ಎಂದು ಕೇಳುವವರು ಎಲ್ಲ ಕಡೆಯೂ ಇದ್ದಾರೆ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟನೆ ಮಾಡಿದರಲ್ಲ, ನಾವೂ ಬಿಸಿಲಲ್ಲಿ ನಿಂತಿದ್ದೆವು. ಪಕ್ಕದಲ್ಲಿದ್ದವರೊಬ್ಬರು ನಗುತ್ತಲೇ ಕೇಳಿದರು, "ನಿಮ್ಮ ಮನೆ ಮಾತು ಕೊಂಕಣಿ ಅಲ್ವಾ ಟೀಚರ್, ನಿಮಗೆ ಎಂತಕ್ಕೆ ಇಷ್ಟು ಬಿಸಿ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಅದೇ ವಾರ ಪೂಜೆ ಮುಗಿದ ಮೇಲೆ ಇನ್ನೊಬ್ಬರು, "ನಮಗೆ ನಮ್ಮ ಧರ್ಮ ಉಂಟಲ್ಲ, ಕನ್ನಡದ ಗಲಾಟೆ ನಮಗ್ಯಾಕೆ?" ಎಂದರು. ಮಂಗಳೂರಿನ ನೆಂಟರ ಮದುವೆಗೆ ಹೋದರೆ ನಾವು "ಕೇರಳದವರು". ಪೂರ್ವದ ಗುಡ್ಡದ ಕಡೆ ಮಲಯಾಳಿ ಕ್ರೈಸ್ತರ ಮನೆಗೆ ಹೋದರೆ ಅವರು ಸಿರಿಯನ್, ನಾವು ಲ್ಯಾಟಿನ್. ನಾವು ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡೆವು. ದೇವರ ಮುಂದೆ ಆದರೂ ನಮಗೆ ಒಂದು ಜಾಗ ಉಂಟು ಎಂಬ ಧೈರ್ಯ ಇತ್ತು.

ಈಗ ನಮ್ಮ ತಪ್ಪಿನ ಮಾತಿಗೆ ಬರುತ್ತೇವೆ. 2013ರಲ್ಲಿ ನಮ್ಮ ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಜೊತೆಗೆ ಮಲಯಾಳ. ಮುಂದೆ ಪಿ.ಎಸ್.ಸಿ. ಪರೀಕ್ಷೆ ಬರೆಯಬೇಕಲ್ಲ, ಇಲ್ಲೇ ಬದುಕಬೇಕಲ್ಲ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಕನ್ನಡ ಮನೆಯಲ್ಲೇ ಕಲಿಸಿದರಾಯಿತು ಎಂದುಕೊಂಡೆವು, ಕಲಿಸಲಿಲ್ಲ. ಆದರೆ ಪ್ರತಿ ವರ್ಷ ಮೇ ತಿಂಗಳಲ್ಲಿ ನಾವೇ ಮನೆ ಮನೆಗೆ ಹೋಗಿ ಒಂದನೇ ಕ್ಲಾಸಿಗೆ ಮಕ್ಕಳನ್ನು ಕೊಡಿ ಎಂದು ಬೇಡುತ್ತಿದ್ದೆವು. ಜೂನ್‌ನಲ್ಲಿ ಆರನೇ ಕೆಲಸದ ದಿನದ ತಲೆಎಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಒಬ್ಬರ ಹುದ್ದೆಯೂ ಹೋಗುತ್ತದೆ. ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ತಾಯಿ ತಲೆ ಎತ್ತದೆ ಕೇಳಿದಳು, "ನಿಮ್ಮ ಮಗ ಯಾವ ಶಾಲೆ ಟೀಚರ್?" ಏನೋ ಹೇಳಿ ಬಂದೆವು. ಏನು ಹೇಳಿದೆವೆಂದು ಈಗ ನೆನಪಿಲ್ಲ, ಅವಳ ಕೈ ನಿಲ್ಲದೆ ಬೀಡಿ ಸುತ್ತುತ್ತಿದ್ದದ್ದು ನೆನಪುಂಟು.

ಇಗರ್ಜಿಯಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ. ಮಗ 'ನಮಾನ್ ಮರಿಯೆ' ಎಲ್ಲ ಕೇಳಿಯೇ ಕಲಿತಿದ್ದ. ಗಾಯನದಲ್ಲೂ ಇದ್ದ. ನಾವಿಬ್ಬರೂ ಆದಿತ್ಯವಾರ ಮಕ್ಕಳಿಗೆ ದೊತೊರ್ನ್ ಕಲಿಸುವವರು. ಕಲಿಸುವವರ ಮಗನಿಗೆ ಪುಸ್ತಕ ಓದಲು ಬರುವುದಿಲ್ಲ ಎಂದು ಯಾರು ಯೋಚಿಸುತ್ತಾರೆ?

2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾಂಯ್ ಹಾಸಿಗೆ ಹಿಡಿದರು. ನಮ್ಮಲ್ಲಿ ಒಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ, ಇಬ್ಬರಿಗೂ ಮಾಂಯ್. 8ನೇ ತಾರೀಕು ಮೊಂತಿ ಹಬ್ಬಕ್ಕೆ ಅವರಿಗೆ ಇಗರ್ಜಿಗೆ ಹೋಗಲಾಗಲಿಲ್ಲ. ಆಶೀರ್ವಾದವಾದ ತೆನೆಯ ಭತ್ತವನ್ನು ಸುಲಿದು ಪಾಯಸಕ್ಕೆ ಹಾಕಿ ಒಂದು ಚಮಚ ಕೊಟ್ಟೆವು. ನಾಲ್ಕನೇ ದಿನ ಸಂಜೆ, ಆಮೊರಿಯ ಗಂಟೆ ಆದ ಮೇಲೆ, ಉಸಿರು ಬದಲಾಯಿತು. ಒಬ್ಬರು ಪಾದ್ರಿಯವರನ್ನು ಕರೆತರಲು ಓಡಿದರು, ಒಬ್ಬರು ಮಾಂಯ್‌ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಪಕ್ಕದ ಮನೆಯ ಅಕ್ಕ ಒಲೆಯ ಮೇಲೆ ನೀರಿಟ್ಟಳು. ಅವರು ತುಳು ಮಾತಾಡುವ ಹಿಂದೂಗಳು, ಇಪ್ಪತ್ತು ವರ್ಷದಿಂದ ನಮ್ಮ ನಡುವೆ ಬೇಲಿ ಇಲ್ಲ. ಅವಳ ಹಿಂದೆಯೇ ಅವಳ ಮಗನೂ ಬಂದಿದ್ದ, ಏಳನೇ ಕ್ಲಾಸಿನ ಹುಡುಗ, ನಮ್ಮದೇ ಶಾಲೆಯವನು.

ಮಾಂಯ್ ದಿಂಬಿನ ಪಕ್ಕದ ಪುಸ್ತಕವನ್ನು ಮೊಮ್ಮಗನ ಕಡೆ ನೂಕಿದರು. "ಓದು ಪುತಾ" ಎಂದರು. ಸಾಯುವ ಹೊತ್ತಿನಲ್ಲಿ ಹೇಳುವ ಪ್ರಾರ್ಥನೆ ಅದು, ದಿನಾ ಹೇಳುವಂಥದ್ದಲ್ಲ, ಯಾರಿಗೂ ಬಾಯಿಪಾಠ ಇಲ್ಲ. ಹದಿನಾರು ವರ್ಷದ ಹುಡುಗ ಪುಟ ತಿರುವಿದ, ಮತ್ತೆ ತಿರುವಿದ. ಜೇಬಿನಿಂದ ಫೋನು ತೆಗೆದು ಏನೋ ಹುಡುಕಿದ. ಕೊನೆಗೆ ನಮ್ಮ ಕಡೆ ನೋಡಿ, "ನನಗೆ ಓದಲು ಬರುವುದಿಲ್ಲ" ಎಂದ. ಆ ಹೊತ್ತಿನ ಅವನ ಮುಖ ನಾವು ಮರೆಯುವಂತಿಲ್ಲ.

ಪಕ್ಕದ ಮನೆಯ ಹುಡುಗ ಬಾಗಿಲಲ್ಲಿದ್ದವನು ಒಳಗೆ ಬಂದು, "ನಾನು ಓದಲಾ ಟೀಚರ್?" ಎಂದು ಕೇಳಿದ. ಶಾಲೆಯಲ್ಲಿ ಪಾಠ ಓದುವ ಹಾಗೆ ಎದ್ದು ನಿಂತು ಓದಿದ. ಕೊಂಕಣಿ ಶಬ್ದಗಳ ಕೊನೆಯ ಮೂಗಿನ ಸ್ವರ ಅವನಿಗೆ ಬರುತ್ತಿರಲಿಲ್ಲ. ನಮ್ಮ ಮಗ ಪಕ್ಕದಲ್ಲಿ ನಿಂತು ಮೆಲ್ಲನೆ ಸರಿ ಮಾಡಿ ಹೇಳುತ್ತಿದ್ದ. ಅಕ್ಷರ ಗೊತ್ತಿದ್ದವನಿಗೆ ಅರ್ಥ ಗೊತ್ತಿಲ್ಲ, ಅರ್ಥ ಗೊತ್ತಿದ್ದವನಿಗೆ ಅಕ್ಷರ ಗೊತ್ತಿಲ್ಲ. ಇಬ್ಬರೂ ಸೇರಿ ಎರಡು ಪುಟ ಮುಗಿಸಿದರು. ಮಾಂಯ್‌ನ ತುಟಿ ಜೊತೆಗೆ ಅಲ್ಲಾಡುತ್ತಿತ್ತು. ಪಾದ್ರಿಯವರು ಬಂದು ಕೊನೆಯ ಸಂಸ್ಕಾರ ಕೊಟ್ಟರು. ಒಂಬತ್ತು ಗಂಟೆಗೆ ಎಲ್ಲ ಮುಗಿಯಿತು.

ಆಮೇಲೆ ಕೆಲವು ತಿಂಗಳು ನಮಗೆ ಪ್ರಾರ್ಥನೆ ಬರಲಿಲ್ಲ. ತೆರ್ಸ್‌ಗೆ ಕೂತರೆ ಮಣಿ ಜಾರುತ್ತಿತ್ತು, ಮನಸ್ಸು ಬೇರೆಲ್ಲೋ. ದೇವರಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇವೋ! ಆ ಮಾತೇ ಸುಳ್ಳೆನಿಸಿತು. ಮಾಂಯ್‌ಗೆ ಬೇಕಾಗಿದ್ದದ್ದು ಅವರ ಪುಸ್ತಕದ ಆ ಎರಡು ಪುಟ, ಅವರ ಮೊಮ್ಮಗನ ಬಾಯಿಂದ. ಅದನ್ನು ನಾವೇ ಇಲ್ಲದಂತೆ ಮಾಡಿದ್ದೆವು. ದೊತೊರ್ನ್ ಕಲಿಸುವುದನ್ನು ಬಿಟ್ಟೆವು. ಯಾಕೆಂದು ಕೇಳಿದವರಿಗೆ ಶಾಲೆಯ ಕೆಲಸ ಜಾಸ್ತಿ ಎಂದೆವು. ಪೂಜೆಗೆ ಹೋದರೂ ಕೊನೆಯ ಬೆಂಚು. ನಮಗೆ ಕನ್ನಡಿಗರ ಸಾಲಿನಲ್ಲಿಯೂ ಜಾಗವಿಲ್ಲ, ಇಲ್ಲಿಯೂ ಇಲ್ಲ ಅನ್ನಿಸುತ್ತಿತ್ತು.

ಆ ಸಮಯದಲ್ಲೇ ಒಂದು ಸಭೆಯಲ್ಲಿ, ಮಕ್ಕಳಿಗೆ ಕನ್ನಡ ಲಿಪಿ ಬರುವುದಿಲ್ಲ, ಪ್ರಾರ್ಥನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡೋಣ ಎಂಬ ಮಾತು ಬಂತು. ಹಲವರು ತಲೆಯಾಡಿಸಿದರು. ಎದ್ದು ವಿರೋಧಿಸಲು ನಮಗೆ ಮುಖವಿರಲಿಲ್ಲ. ಮತ್ತೆ, ಅದರಲ್ಲಿ ನ್ಯಾಯವೂ ಉಂಟು. ಗೋವಾದ ಕ್ರೈಸ್ತರು ಕೊಂಕಣಿಯನ್ನು ರೋಮನ್ ಲಿಪಿಯಲ್ಲೇ ಬರೆಯುತ್ತಾರೆ. ಥಾಮಸ್ ಸ್ಟೀಫನ್ಸ್ ಅವರ ಕೊಂಕಣಿ ಧರ್ಮಬೋಧೆಯ ಪುಸ್ತಕ 1622ರಲ್ಲಿ ಗೋವಾದ ರಾಯ್ತೂರಿನಲ್ಲಿ ಅಚ್ಚಾದದ್ದೂ ಅದೇ ಲಿಪಿಯಲ್ಲಿ. ಗೋವಾ ಸರಕಾರದ ಕೊಂಕಣಿ ದೇವನಾಗರಿಯಲ್ಲಿ. ಯಾವ ಲಿಪಿಯೂ ಸ್ವರ್ಗದಿಂದ ಇಳಿದದ್ದಲ್ಲ. ಪ್ರಾರ್ಥನೆ ಯಾವ ಅಕ್ಷರದಲ್ಲಿದ್ದರೂ ಪ್ರಾರ್ಥನೆಯೇ.

ಆದರೆ ಮನೆಗೆ ಬರುವ ದಾರಿಯಲ್ಲಿ ನಮಗೆ ಹೊಳೆದದ್ದು ಬೇರೆ. ಇಂಗ್ಲಿಷ್ ಅಕ್ಷರದಲ್ಲಿದ್ದರೆ ನಮ್ಮ ಮಗ ಓದುತ್ತಿದ್ದ, ನಿಜ. ಪಕ್ಕದ ಮನೆಯ ಹುಡುಗ ಬಾಗಿಲಲ್ಲೇ ನಿಂತಿರುತ್ತಿದ್ದ. ಕನ್ನಡ ಅಕ್ಷರ ನಮ್ಮ ಇಗರ್ಜಿಯನ್ನೂ ಊರನ್ನೂ ಒಂದೇ ಜಗಲಿಯಲ್ಲಿ ಕೂರಿಸಿತ್ತು. ಅದನ್ನು ಇಷ್ಟು ವರ್ಷ ಸಂಬಳಕ್ಕೆ ಕಲಿಸಿದೆವು, ಡಿವಿಷನ್ ಉಳಿಸಲಿಕ್ಕೆ ಕಲಿಸಿದೆವು. ಮನೆಗೂ ಅದು ಬೇಕು ಎಂದು ಗೊತ್ತಾಗಲು ಮಾಂಯ್ ಸಾಯಬೇಕಾಯಿತು.

ಆ ಡಿಸೆಂಬರ್‌ನಲ್ಲಿ ಗೋದಲಿ ಕಟ್ಟಲು ಪಕ್ಕದ ಮನೆಯ ಹುಡುಗ ಬಂದಿದ್ದ. ಅರ್ಧ ಕೆಲಸ ಬಿಟ್ಟು ಇಬ್ಬರೂ ಎಲ್ಲಿ ಹೋದರೆಂದು ನೋಡಿದರೆ ಹಿಂದಿನ ಜಗಲಿಯಲ್ಲಿ ಮಾಂಯ್‌ನ ಪುಸ್ತಕ ಬಿಡಿಸಿ ಕೂತಿದ್ದಾರೆ. ಚಿಕ್ಕವನು ಗುರು, ದೊಡ್ಡವನು ಶಿಷ್ಯ. "ಇದು ಣ, ಇದು ನ. ನಿನಗೆ ಎರಡೂ ಒಂದೇ ಕಾಣುವುದಾ?" ಎಂದು ಜೋರು ಮಾಡುತ್ತಿದ್ದ. ನಾವು ಸದ್ದು ಮಾಡದೆ ಒಳಗೆ ಬಂದೆವು.

2024ರ ಜನವರಿಯಿಂದ ಪಾದ್ರಿಯವರ ಒಪ್ಪಿಗೆ ಪಡೆದು, ಪೂಜೆಯ ನಂತರ ಅರ್ಧ ಗಂಟೆ ಇಗರ್ಜಿಯ ಜಗಲಿಯಲ್ಲಿ ಅಕ್ಷರ ಕಲಿಸಲು ಶುರು ಮಾಡಿದೆವು. ಮೊದಲ ದಿನ ಹನ್ನೊಂದು ಮಕ್ಕಳು ಬಂದರು, ಈಗ ಏಳು ಮಂದಿ. "ಇದರಿಂದ ಎಂತ ಪ್ರಯೋಜನ ಟೀಚರ್?" ಎಂದು ಕೇಳುವ ತಂದೆತಾಯಿಯರಿಗೆ ಪರೀಕ್ಷೆ, ಮಾರ್ಕು ಏನೂ ಹೇಳುವುದಿಲ್ಲ. "ಮನೆಯಲ್ಲಿ ಅಜ್ಜಿಯ ಪುಸ್ತಕ ಉಂಟಲ್ಲ, ಅದನ್ನು ಓದಲಿಕ್ಕೆ" ಎನ್ನುತ್ತೇವೆ. ಕೆಲವರು ಸುಮ್ಮನಾಗುತ್ತಾರೆ. ಕೆಲವರು ಮಗುವಿನ ಕೈ ಹಿಡಿದು ಹೊರಟು ಹೋಗುತ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ, ಹತ್ತು ವರ್ಷ ನಾವೂ ಹಾಗೆಯೇ ಹೋಗಿದ್ದೆವು.

ನಂಬಿಕೆ ಪೂರ್ತಿ ಮರಳಿ ಬಂತೇ ಎಂದರೆ, ಬಂತು ಎಂದು ಹೇಳುವ ಧೈರ್ಯವಿಲ್ಲ. ಕೆಲವು ಸಂಜೆ ಬರುತ್ತದೆ. ಶಿಕ್ಷಕ ಬಂಧುಗಳೇ, ಈ ಮೇ ತಿಂಗಳಲ್ಲಿ ಮಕ್ಕಳನ್ನು ಕೇಳಲು ಹೊರಡುವ ಮುಂಚೆ ಒಮ್ಮೆ ನಿಮ್ಮ ಮನೆಯ ಒಳಗೆ ನೋಡಿಕೊಳ್ಳಿ. ಇಷ್ಟೇ ನಮ್ಮ ವಿನಂತಿ.

ಈಗ ತೆರ್ಸ್ ಮುಗಿದ ಮೇಲೆ ಒಂದು ಪುಟ ಮಗ ಓದುತ್ತಾನೆ. ಓದಿ ಮಾಂಯ್‌ನ ಫೋಟೋದ ಮುಂದೆ ನಿಂತು ಬೆಸಾಂವ್ ಕೇಳುತ್ತಾನೆ, ಆಮೇಲೆ ನಮ್ಮಲ್ಲಿ. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ. ನಾವು ಹೇಳಿಕೊಡುವುದಿಲ್ಲ, ಕಾಯುತ್ತೇವೆ.