350 ಕಿಲೋಮೀಟರ್ ಮೇಲಿಂದ ಒಂದು ದನಿ

2024ರ ಜನವರಿ. ಹರಿಹರದ ಒಂದು ತಾರಸಿಯ ಮೇಲೆ ನಿಂತಿದ್ದೀರಿ. ತುಂಗಭದ್ರೆಯ ತೇವದ ಗಾಳಿಗೆ ಕೆಳಗಿನ ಬೀದಿಯ ಮಿರ್ಚಿ ಬಾಣಲೆಯ ವಾಸನೆ ಬೆರೆತಿದೆ. ಕೈಯಲ್ಲಿ ಯಾಗಿ ಆಂಟೆನಾ. ಪಿವಿಸಿ ಪೈಪಿಗೆ ಬಡಗಿಯ ಸ್ಟೀಲ್ ಟೇಪಿನ ತುಂಡು ಕಟ್ಟಿ ಮಾಡಿದ್ದು. ತೋಳು ಆಗಲೇ ಸೋಲುತ್ತಿದೆ.

"ಅಕ್ಕಾ, ಈಗ ಬರುತ್ತೆ," ಲ್ಯಾಪ್‌ಟಾಪ್ ಮುಂದೆ ಕೂತ ತಮ್ಮ ಪಿಸುಗುಟ್ಟುತ್ತಾನೆ.

ಬರುತ್ತಿರುವುದು ಪೊಯೆಮ್-3. ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು 650 ಕಿ.ಮೀ. ಎತ್ತರದಲ್ಲಿ ಬಿಟ್ಟ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ನಾಲ್ಕನೇ ಹಂತ. ಕೊನೆಗೆ ಕಸವಾಗಿ ಉಳಿಯದಿರಲೆಂದು ಇಸ್ರೊ ಅದನ್ನು 350ಕ್ಕೆ ಇಳಿಸಿದೆ. ಮುಂಬೈನ ಸೋಮಯ್ಯ ಕಾಲೇಜಿನ ಹವ್ಯಾಸಿ ರೇಡಿಯೊ ಬಿಲೀಫ್‌ಸ್ಯಾಟ್-0 ಅದರ ಮೇಲಿದೆ. ಜೊತೆಗೇ ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಕಂಪನಿಯ ಪುಟ್ಟ ಥ್ರಸ್ಟರ್ (ತಳ್ಳುವ ಎಂಜಿನ್) 'ರುದ್ರ' ಕೂಡ.

ಚರ್ರ್! ಗದ್ದಲದೊಳಗಿಂದ ಒಂದು ಸದ್ದು ಚಿಮ್ಮುತ್ತದೆ. ಎದೆ ಧಸಕ್ಕೆನ್ನುತ್ತದೆ. ನೈಋತ್ಯಕ್ಕೆ ತಿರುಗಿ, ಮಣಿಕಟ್ಟು ಹೊರಳಿಸುತ್ತೀರಿ. ಸದ್ದು ದಪ್ಪವಾಗುತ್ತದೆ, ಸಣ್ಣಗಾಗುತ್ತದೆ. ಪೊಯೆಮ್-3ರ ವೇಗ ಸೆಕೆಂಡಿಗೆ 7.7 ಕಿ.ಮೀ.; ತರಂಗಾಂತರ ಕ್ಷಣಕ್ಷಣಕ್ಕೂ ಜಾರುತ್ತಿದೆ, ತಮ್ಮ ಬೆನ್ನಟ್ಟುತ್ತಿದ್ದಾನೆ.

ಮತ್ತೆ ಮೌನ. ಮುಂದಿನ ಸದ್ದಿಗೆ ಕಾಯುವಾಗ ಹೊಟ್ಟೆಯೊಳಗೆ ಒಂದು ಅಳುಕು. ಆ ಎತ್ತರದಲ್ಲೂ ಗಾಳಿಯ ತೆಳು ಎಳೆಯಿದೆ. ಪ್ರತಿ ಸುತ್ತಿಗೂ ಅದು ಉಪಗ್ರಹವನ್ನು ಕೆಳಗೆಳೆಯುತ್ತದೆ. ಬೆಂಗಳೂರಿನಲ್ಲಿ ತಯಾರಾದ ನಮ್ಮ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು 600 ಕಿ.ಮೀ.ಗೂ ಮೇಲೇರಿತ್ತು. ಅದಕ್ಕೇ ಒಂಬತ್ತು ವರ್ಷ ಮಾತಾಡಿತು. 2014ರಲ್ಲಿ ಸೋತದ್ದು ಬ್ಯಾಟರಿ, ಎತ್ತರವಲ್ಲ.

ಈಗ ಯೋಚಿಸಿ: ಇಂಥದೊಂದು ಪುಟ್ಟ ಉಪಗ್ರಹದಲ್ಲಿ ಎಂಜಿನ್ ಇದೆ, ಕವಾಟ ತೆರೆಯುವ ಗುಂಡಿ ನಿಮ್ಮ ಬೆರಳ ಕೆಳಗಿದೆ. 350ರಿಂದ 500ಕ್ಕೆ ಏರಿಸಲು ತಳ್ಳಿ ಕೊಡಬೇಕಾದ ವೇಗ ಸೆಕೆಂಡಿಗೆ ಸುಮಾರು 85 ಮೀಟರ್ ಮಾತ್ರ. ಮುಂದಕ್ಕೆ ತಳ್ಳಿದಷ್ಟೂ ಅದು ಮೇಲೇರಿ, ಕೊನೆಗೆ ಮೊದಲಿಗಿಂತ ನಿಧಾನವಾಗಿ ಸುತ್ತುತ್ತದೆ. ಎಷ್ಟು ಸಲ ಲೆಕ್ಕ ಮಾಡಿದರೂ ಬೆರಗಾಗುತ್ತದೆ.

ಒತ್ತುತ್ತೀರಾ?

ಒತ್ತುವ ಮುನ್ನ ಇದನ್ನು ಕೇಳಿ: 2000ದ ಡಿಸೆಂಬರ್ 13ರಂದು ಎಒ-40 ಎಂಬ ದೊಡ್ಡ ಹವ್ಯಾಸಿ ಉಪಗ್ರಹದ ಎಂಜಿನ್ ವ್ಯವಸ್ಥೆಯ ಕೆಲಸ ನಡೆದಿತ್ತು. ಇದ್ದಕ್ಕಿದ್ದಂತೆ ದನಿ ನಿಂತಿತು. ಒಂದು ದಿನ. ಎರಡು ದಿನ. ಏನೂ ಇಲ್ಲ. ಕ್ರಿಸ್‌ಮಸ್ ದಿನ ಮತ್ತೆ ಮಾತಾಡಿತು, ಆದರೆ ಗಾಯಗೊಂಡೇ. ಅದರೊಳಗಿದ್ದದ್ದು ಹೈಡ್ರಜೀನ್ ಜಾತಿಯ ಇಂಧನ. ಅಂಥ ವಿಷವನ್ನು ಕಾಲೇಜಿನ ಲ್ಯಾಬಿನಲ್ಲಿ ಯಾರೂ ಮುಟ್ಟುವಂತಿಲ್ಲ. 'ರುದ್ರ' ಉರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ ವಿಷದ ಇಂಧನವನ್ನು. ನನ್ನನ್ನು ಕೇಳಿದರೆ ವಿದ್ಯಾರ್ಥಿಗಳ ಉಪಗ್ರಹಗಳಿಗೆ ಈ ಹತ್ತು ವರ್ಷದಲ್ಲಿ ಬಂದ ಅತಿ ದೊಡ್ಡ ಸುದ್ದಿ ಇದೇ.

ಚರ್ರ್! ಬಂತು. "ಅಕ್ಕಾ, ಎಡಕ್ಕೆ! ಇನ್ನೂ ಎಡಕ್ಕೆ!" ದಕ್ಷಿಣ ದಾಟಿ ದನಿ ದಾವಣಗೆರೆಯ ದಿಕ್ಕಿಗೆ ಓಡುತ್ತದೆ. ಆ ಊರಿನ ಬೆಳಕಿನ ಮೇಲೆ ಒಮ್ಮೆ ಕೇಳಿಸುತ್ತದೆ, ಆಮೇಲೆ ಬರೀ ಗದ್ದಲ.

"ಇದನ್ನ ಮೇಲಕ್ಕೆ ತಳ್ಳೋಕಾಗಲ್ವಾ?" ತಮ್ಮ ಕೇಳುತ್ತಾನೆ.

ಇದನ್ನಲ್ಲ. ಇದನ್ನು ಬೀಳಲೆಂದೇ ಇಳಿಸಿದ್ದು. ಮಾರ್ಚ್ 21ರಂದು ಉತ್ತರ ಪೆಸಿಫಿಕ್ ಸಾಗರ ಸೇರುತ್ತದೆ. ಆದರೆ ನಮ್ಮ ಹುಡುಗರು ಕಟ್ಟುವ ಮುಂದಿನದರಲ್ಲಿ ಒಂದು ಥ್ರಸ್ಟರ್ ಇರಲಿ, ಗುಂಡಿ ಒತ್ತುವ ಧೈರ್ಯವೂ ಇರಲಿ.