ಜೆ.ಸಿ. ರಸ್ತೆ: ಹಳೆಯ ಕಾರಿಗೆ ಎರಡು ರಿಪೇರಿ

ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಬಳಿಯಿಂದ ಮಿನರ್ವ ವೃತ್ತದವರೆಗೆ ಹೋಗುವ ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಆಟೋದವರಿಗೂ ಅಂಗಡಿಯವರಿಗೂ ಅದು ಜೆ.ಸಿ. ರಸ್ತೆ. 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ ಈ ರಸ್ತೆಯ ಒಂದು ಮುಖ. ಅಲ್ಲಿ ಸಂಜೆ ನಾಟಕದ ಗಂಟೆ ಬಾರಿಸುತ್ತದೆ. ರಸ್ತೆಯ ಇನ್ನೊಂದು ಮುಖಕ್ಕೆ ಗ್ರೀಸಿನ ವಾಸನೆ, ಹೊಸ ರೆಕ್ಸಿನ್ನಿನ ಘಾಟು.

ಅಂಗಡಿಗಳ ಮುಂದೆ ಕನ್ನಡಿಗಳು ತೂಗಾಡುತ್ತವೆ. ಸೀಟಿನ ಹೊದಿಕೆ, ಹಾರನ್, ಹೆಡ್‌ಲೈಟು, ರಬ್ಬರಿನ ಪಟ್ಟಿ, ಬಂಪರು, ಗಾಜು ಎಲ್ಲವೂ ಇಲ್ಲಿ ಉಂಟು. ಪಶ್ಚಿಮಕ್ಕೆ ತಿರುಗಿ ಕಲಾಸಿಪಾಳ್ಯದ ಕಡೆಗೆ ನಡೆದರೆ ಗಲ್ಲಿಗಳು ಕಿರಿದಾಗುತ್ತವೆ, ಸುತ್ತಿಗೆಯ ಸದ್ದು ಹೆಚ್ಚುತ್ತದೆ. ಮೆಟ್ರೋದಲ್ಲಿ ಬರುವವರು ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆದೇ ಬರಬಹುದು.

ಹೊಸ ಕಾರಿನವರಿಗೆ ಈ ಗಲ್ಲಿಗಳ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಅವರಿಗೆ ಕಂಪನಿಯ ಸರ್ವಿಸ್ ಸ್ಟೇಷನ್ ಇದೆ. ಮುರಿದ ಭಾಗದ ಸಂಖ್ಯೆ ಒತ್ತಿದರೆ ಬೆಲೆ ಹೇಳುವ ಕಂಪ್ಯೂಟರ್ ಇದೆ. ಅಜ್ಜನ ಕಾಲದ ಫಿಯೆಟ್, ಅಪ್ಪನ ಕಾಲದ ಅಂಬಾಸಡರ್ ಇಟ್ಟುಕೊಂಡವರ ಕಥೆ ಬೇರೆ. ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪ್ರೀಮಿಯರ್ ಕಂಪನಿಯ ಪದ್ಮಿನಿ ಅದಕ್ಕೂ ಮೊದಲೇ ತೆರೆಮರೆಗೆ ಸರಿದಿತ್ತು. ಇಂಥ ಕಾರಿಗೆ ಪೆಟ್ಟು ಬಿದ್ದರೆ ರಿಪೇರಿ ಎರಡು ಕಡೆ ನಡೆಯಬೇಕು. ಒಂದು ತಗಡಿನ ಮೇಲೆ, ಇನ್ನೊಂದು ಕಾಗದದ ಮೇಲೆ. ತಗಡಿನ ರಿಪೇರಿ ಡಿಕ್ಕಿಯಾದ ಮೇಲೆ ಶುರುವಾಗುತ್ತದೆ. ಕಾಗದದ್ದು ಡಿಕ್ಕಿಗೆ ಮೊದಲೇ ಮುಗಿದಿರಬೇಕು. ಇಲ್ಲದಿದ್ದರೆ ಎಂಥ ಮೇಸ್ತ್ರಿಯೂ ಅದನ್ನು ನೆಟ್ಟಗೆ ಮಾಡಲಾರ.

ಡಿಕ್ಕಿಗೆ ಡಿಕ್ಕಿ

ಕನ್ನಡದಲ್ಲಿ ಗುದ್ದುವುದೂ ಡಿಕ್ಕಿ, ಕಾರಿನ ಹಿಂದಿನ ಪೆಟ್ಟಿಗೆಯೂ ಡಿಕ್ಕಿ. ಉದಾಹರಣೆಗೆ 1967ರ ಒಂದು ಫಿಯೆಟ್ 1100 ಅನ್ನು ಊಹಿಸಿಕೊಳ್ಳೋಣ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಬಂದ ವಾಹನ ಅದರ ಡಿಕ್ಕಿಗೇ ಡಿಕ್ಕಿ ಹೊಡೆದಿದೆ. ಬಂಪರು ಮಡಚಿದೆ, ಡಿಕ್ಕಿಯ ಮುಚ್ಚಳ ಬಾಗಿದೆ, ಬಲಗಡೆಯ ಮಡ್‌ಗಾರ್ಡ್ ಒಳಕ್ಕೆ ಹೋಗಿದೆ, ಕೆಂಪು ದೀಪ ಚೂರಾಗಿದೆ. ಪುಣ್ಯಕ್ಕೆ ಯಾರಿಗೂ ಗಾಯವಾಗಿಲ್ಲ.

ಆಗ ಮನೆಯವರು ಮಾಡುವ ಸಾಮಾನ್ಯ ತಪ್ಪೆಂದರೆ ಕಾರನ್ನು ನೇರವಾಗಿ ಪರಿಚಯದ ಗ್ಯಾರೇಜಿಗೆ ಒಯ್ದು ಬಿಚ್ಚಿಸಿಬಿಡುವುದು. ವಿಮೆಯ ದಾರಿ ಹಾಗಲ್ಲ. ಮೊದಲು ಸ್ಥಳದಲ್ಲೇ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಬೇಕು. ಎದುರು ವಾಹನದ ನಂಬರು, ಅದರ ವಿಮಾ ಕಂಪನಿಯ ಹೆಸರು ಬರೆದುಕೊಳ್ಳಬೇಕು. ಯಾರಿಗಾದರೂ ಗಾಯವಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ತಡಮಾಡದೆ ತಮ್ಮ ವಿಮಾ ಕಂಪನಿಗೂ ತಿಳಿಸಬೇಕು. ಆಮೇಲೆ ಗ್ಯಾರೇಜಿನಿಂದ ಅಂದಾಜು ಪಟ್ಟಿ, ಅದರ ನಂತರ ಸರ್ವೇಯರ್ ಬಂದು ನೋಡುವುದು. ಅವರು ನೋಡುವವರೆಗೆ ಸುತ್ತಿಗೆ ಎತ್ತುವ ಹಾಗಿಲ್ಲ. ಬಿಚ್ಚಿದ ಹಳೆಯ ಭಾಗಗಳನ್ನು ಕ್ಲೇಮು ಮುಗಿಯುವವರೆಗೆ ಎಸೆಯುವಂತಿಲ್ಲ.

ಇಷ್ಟಕ್ಕೂ ಪಾಲಿಸಿ ಯಾವುದೆಂಬುದು ಮುಖ್ಯ. ಕಾನೂನು ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆಯನ್ನು ಮಾತ್ರ. ಅದು ನಮ್ಮ ಕಾರಿನಿಂದ ಇತರರಿಗೆ ಆದ ನಷ್ಟಕ್ಕೆ. ನಮ್ಮ ಕಾರಿನ ನಷ್ಟ ಸಿಗಬೇಕಾದರೆ ಸಮಗ್ರ ಪಾಲಿಸಿ ಬೇಕು. ಹಳೆಯ ಕಾರಿಗೇಕೆ ದಂಡ ಎಂದು ಕಡ್ಡಾಯದ್ದಷ್ಟನ್ನೇ ಕಟ್ಟಿದವರಿಗೆ ಉಳಿಯುವ ದಾರಿ, ಗುದ್ದಿದವರಿಂದ ಪರಿಹಾರ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವುದು. ಅಲ್ಲಿ ತಪ್ಪು ಅವರದೇ ಎಂದು ಸಾಬೀತು ಮಾಡಬೇಕು, ದಿನಗಳೂ ಹಿಡಿಯುತ್ತವೆ.

ಬೆಲೆ ಎಂಬ ಒಗಟು

ಸಮಗ್ರ ಪಾಲಿಸಿಯ ಮೊದಲ ಪುಟದಲ್ಲಿ ಐ.ಡಿ.ವಿ. ಎಂಬ ಒಂದು ಅಂಕಿ ಇರುತ್ತದೆ. ವಿಮೆಯ ಮಟ್ಟಿಗೆ ಕಾರಿನ ಘೋಷಿತ ಬೆಲೆ ಅದು. ಹೊಸ ಕಾರಿಗೆ ಇದನ್ನು ಕೋಷ್ಟಕ ನೋಡಿ ಲೆಕ್ಕ ಹಾಕುತ್ತಾರೆ: ಎರಡನೆಯ ವರ್ಷ ಶೇ 20 ಸವಕಳಿ, ಮೂರನೆಯ ವರ್ಷ ಶೇ 30, ಐದನೆಯ ವರ್ಷಕ್ಕೆ ಶೇ 50. ಐದು ವರ್ಷ ದಾಟಿದ ಕಾರಿಗೆ ಕೋಷ್ಟಕವೇ ಇಲ್ಲ. ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಈ ಮಾತುಕತೆಗೆ ಹೆಚ್ಚಿನವರು ಕೂರುವುದೇ ಇಲ್ಲ. ಬೆಲೆ ಕಡಿಮೆ ತೋರಿಸಿದರೆ ಕಂತೂ ಕಡಿಮೆ ಎಂದು ಸಂತೋಷಪಟ್ಟು ಸಹಿ ಹಾಕುತ್ತಾರೆ.

ನಮ್ಮ ಊಹೆಯ ಫಿಯೆಟ್ಟಿಗೆ ಹಾಗೆ 40,000 ರೂಪಾಯಿ ಎಂದು ಬರೆಸಲಾಗಿದೆ ಎನ್ನೋಣ. ಗ್ಯಾರೇಜಿನ ಅಂದಾಜು 50,000. ರಿಪೇರಿಯ ಖರ್ಚು ಘೋಷಿತ ಬೆಲೆಯ ಶೇ 75ನ್ನು, ಅಂದರೆ ಇಲ್ಲಿ 30,000ವನ್ನು ಮೀರಿದರೆ ವಿಮೆಯ ಕಣ್ಣಿಗೆ ಕಾರು 'ಪೂರ್ಣ ನಷ್ಟ'. ಎಂಜಿನ್ ಗುಂಡುಕಲ್ಲಿನಂತಿದ್ದರೂ, ಕಾರು ತಾನೇ ಓಡಿಕೊಂಡು ಗ್ಯಾರೇಜಿಗೆ ಬಂದಿದ್ದರೂ ಅಷ್ಟೇ. ಆಗ ಸಿಗುವುದು ಘೋಷಿತ ಬೆಲೆ ಮಾತ್ರ. ಕಾರನ್ನು ಬಿಟ್ಟುಕೊಡಲಾರೆವು ಎಂದರೆ ಅದರ ಗುಜರಿ ಬೆಲೆಯನ್ನೂ ಮುರಿದುಕೊಳ್ಳುತ್ತಾರೆ. ಐವತ್ತು ವರ್ಷ ಮನೆಯ ಮದುವೆ, ಬಾಣಂತನ, ಜಾತ್ರೆಗಳಿಗೆಲ್ಲ ಓಡಾಡಿದ ಕಾರು, ಕಂತಿನಲ್ಲಿ ಉಳಿಸಿದ ಕೆಲವು ನೂರು ರೂಪಾಯಿಗಾಗಿ ಗುಜರಿ ಸಾಲಿಗೆ ಸೇರುವುದು ಹೀಗೆ.

ಅದೇ ಕಾರಿಗೆ ಮಾರುಕಟ್ಟೆಯ ದರ ನೋಡಿ, ಪರಿಣತರಿಂದ ಬೆಲೆಪತ್ರ ಮಾಡಿಸಿ, ಕಂಪನಿಯನ್ನು 1,50,000ಕ್ಕೆ ಒಪ್ಪಿಸಿದ್ದರೆ ಶೇ 75ರ ಗೆರೆ 1,12,500ಕ್ಕೆ ಏರುತ್ತಿತ್ತು. 50,000ದ ಕೆಲಸ ಬರಿಯ ರಿಪೇರಿ ಎನಿಸಿಕೊಳ್ಳುತ್ತಿತ್ತು.

ಇನ್ನೂ ಹಳೆಯ ಕಾರುಗಳಿಗೆ ಬೇರೊಂದು ಸೌಲಭ್ಯವುಂಟು. 2002ರ ಭಾರತೀಯ ಮೋಟಾರು ದರಪಟ್ಟಿಯ ಪ್ರಕಾರ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ಭಾರತದ ವಿಂಟೇಜ್ ಮತ್ತು ಕ್ಲಾಸಿಕ್ ಕಾರು ಕ್ಲಬ್ಬಿನ ಪ್ರಮಾಣಪತ್ರ ಪಡೆದವು 'ವಿಂಟೇಜ್'. ಅವಕ್ಕೆ ಒಪ್ಪಿತ ಬೆಲೆಯ ಪಾಲಿಸಿ ಕೊಡಬಹುದು. ಪೂರ್ಣ ನಷ್ಟವಾದರೆ ಸವಕಳಿ ಕಳೆಯದೆ ಅಷ್ಟೂ ಹಣ. 2021ರ ನೋಂದಣಿ ನಿಯಮದಲ್ಲಿ ವಿಂಟೇಜ್ ಎಂದರೆ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ವಾಹನ. ಅದರ ಫಲಕದಲ್ಲಿ 'ವಿ.ಎ.' ಅಕ್ಷರಗಳಿರುತ್ತವೆ, ಅದನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿಗಳಿಗೆ ಮಾತ್ರ ರಸ್ತೆಗೆ ತರಬಹುದು. ಎರಡೂ ಒಂದೇ ಎಂದುಕೊಂಡು, ಆ ಫಲಕದ ಕಾರಿನಲ್ಲಿ ದಿನಾ ಕಚೇರಿಗೆ ಹೋಗುವವರು ಡಿಕ್ಕಿಯ ದಿನ ತೊಂದರೆಗೆ ಸಿಕ್ಕಿಕೊಳ್ಳಬಹುದು.

ಸುತ್ತಿಗೆಯ ಲೆಕ್ಕ

ಕಲಾಸಿಪಾಳ್ಯದ ಗಲ್ಲಿಯ ಟಿಂಕರಿಂಗ್ ಕೆಲಸ ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯದು. ತಗ್ಗು ಬಿದ್ದ ತಗಡಿನ ಒಳಬದಿಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು ಹೊರಗಿನಿಂದ ಮೆಲ್ಲಗೆ ಬಡಿಯುತ್ತಾರೆ. ಜೋರು ಹೊಡೆತ ಬಿದ್ದರೆ ತಗಡು ಹಿಗ್ಗಿ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಕುಗ್ಗಿಸುವುದು ಇನ್ನೂ ಕಷ್ಟ. ಆದ್ದರಿಂದ ಅಂಗೈ ಸವರಿ ಏರುತಗ್ಗು ನೋಡಿ, ಇನ್ನೆರಡು ಪೆಟ್ಟು, ಮತ್ತೆ ಅಂಗೈ. ಹಳೆಯ ಕಾರುಗಳ ತಗಡು ದಪ್ಪ. ಈ ಆರೈಕೆಯನ್ನು ಅದು ತಡೆದುಕೊಳ್ಳುತ್ತದೆ.

"ಹೊಸಾದು ಹಾಕಿಬಿಡಿ ಮೇಸ್ತ್ರಿ" ಎನ್ನುವ ಮಾಲೀಕರಿಗೆ "ಹೊಸಾದು ಎಲ್ಲಿದೆ ಸಾರ್? ಇದನ್ನೇ ಎತ್ತಿ ಕೊಡ್ತೀನಿ" ಎಂಬುದು ಇಂಥ ಗ್ಯಾರೇಜುಗಳ ಮಾಮೂಲು ಉತ್ತರ. ಈ ಉತ್ತರವೇ ವಿಮೆಯ ಲೆಕ್ಕದಲ್ಲೂ ಲಾಭದ್ದು. ಸಾಮಾನ್ಯ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಕಾರಿಗೆ ಹೊಸ ಲೋಹದ ಭಾಗ ಹಾಕಿದರೆ ಅದರ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೂ ಅರ್ಧ. ಗಾಜಿಗೆ ಮಾತ್ರ ಕಡಿತವಿಲ್ಲ. ಆದರೆ ಕೂಲಿಗೆ ಸವಕಳಿಯೇ ಇಲ್ಲ.

ಫಿಯೆಟ್ಟಿನ 50,000ದಲ್ಲಿ ಲೋಹದ ಭಾಗಗಳಿಗೆ 24,000, ಕೂಲಿಗೆ 16,000, ಬಣ್ಣಕ್ಕೆ 10,000 ಎಂದಿರಲಿ. ಭಾಗಗಳಲ್ಲಿ ಸಿಗುವುದು 12,000. ಕೂಲಿ ಪೂರ್ತಿ 16,000. ಬಣ್ಣದ ಒಟ್ಟು ಬಿಲ್ಲಿನಲ್ಲಿ ಕಾಲುಭಾಗ ಸಾಮಗ್ರಿಯೆಂದು ಹಿಡಿದು ಅದರರ್ಧ, 1,250 ರೂಪಾಯಿ ಕಳೆಯುತ್ತಾರೆ, ಉಳಿಯುವುದು 8,750. ಒಟ್ಟು 36,750. ಇದರಲ್ಲಿ 1,500 ಸಿ.ಸಿ.ವರೆಗಿನ ಕಾರಿಗೆ ಮಾಲೀಕರೇ ಹೊರಬೇಕಾದ ಕಡ್ಡಾಯ ಪಾಲು 1,000. ಕೈಗೆ ಬರುವುದು 35,750. ಕೈಯಿಂದ ಹೋಗುವುದು 14,250. ಭಾಗ ಬದಲಿಸುವ ಬದಲು ತಗಡನ್ನೇ ಎತ್ತಿಸಿದರೆ, ಭಾಗಗಳ ಮೊತ್ತ ಇಳಿದು ಕೂಲಿ ಏರುತ್ತದೆ. ಕೈಯಿಂದ ಹೋಗುವುದು ಕಡಿಮೆಯಾಗುತ್ತದೆ.

ಆದ್ದರಿಂದ ಗ್ಯಾರೇಜಿನ ಚೀಟಿಯಲ್ಲಿ 'ಒಟ್ಟು ಕೆಲಸ 50,000' ಎಂದು ಒಂದೇ ಸಾಲು ಬರೆಸಿದರೆ ಆಗದು. ಭಾಗ ಬೇರೆ, ಕೂಲಿ ಬೇರೆ, ಬಣ್ಣ ಬೇರೆ ಬರೆಸಬೇಕು. ಸಣ್ಣ ಗ್ಯಾರೇಜಿನ ಮೇಸ್ತ್ರಿಗೆ ಈ ಬರವಣಿಗೆ ಬೇಸರ. ಪಕ್ಕದಲ್ಲಿ ಕೂತು ಬರೆದುಕೊಡಲು ಮನೆಯ ಕಾಲೇಜು ಹುಡುಗನೋ ಹುಡುಗಿಯೋ ಸಾಕು.

ಜೆ.ಸಿ. ರಸ್ತೆಯಲ್ಲೂ ಸಿಗದ ಕೆಂಪು ದೀಪಕ್ಕೆ ಶಿವಾಜಿನಗರದ ಗುಜರಿ ಓಣಿಗಳಿವೆ. ಬಿಚ್ಚಿದ ಕಾರುಗಳ ಬಾಗಿಲು, ಗೇರ್‌ಬಾಕ್ಸುಗಳು ಅಲ್ಲಿ ಎದೆಯೆತ್ತರ. ಸತ್ತ ಕಾರೊಂದರ ದೀಪ ಇನ್ನೊಂದರಲ್ಲಿ ಬೆಳಗುತ್ತದೆ. ಚೌಕಾಸಿ ಎಷ್ಟಾದರೂ ಮಾಡಬಹುದು, ಬಿಲ್ಲು ಮಾತ್ರ ಕೇಳಿ ಪಡೆಯಬೇಕು. ಬಿಲ್ಲಿಲ್ಲದ ದೀಪಕ್ಕೆ ವಿಮೆಯ ಲೆಕ್ಕದಲ್ಲಿ ಜಾಗ ಸಿಗುವುದು ಕಷ್ಟ.

ಮಕ್ಕಳ ಕೈಗೆ ಕೀಲಿ

ಪರೀಕ್ಷೆ ಮುಗಿದ ರಜೆಯಲ್ಲಿ ಅಜ್ಜನ ಕಾರನ್ನು ಒಂದು ಸುತ್ತು ಓಡಿಸುವ ಆಸೆ ಯಾವ ಹುಡುಗರಿಗಿಲ್ಲ? ಆದರೆ ಲೈಸೆನ್ಸಿಲ್ಲದವರು ಓಡಿಸಿ ಡಿಕ್ಕಿಯಾದರೆ ಸ್ವಂತ ಕಾರಿನ ಕ್ಲೇಮು ತಿರಸ್ಕೃತವಾಗುತ್ತದೆ. ಹದಿನೆಂಟು ತುಂಬದವರು ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಇನ್ನೊಂದು ವಿಷಯ ಮನೆಗಳಲ್ಲಿ ಮರೆತುಹೋಗುತ್ತದೆ. ಅಜ್ಜ ತೀರಿಕೊಂಡು ವರ್ಷಗಳಾದರೂ ಆರ್.ಸಿ. ಪುಸ್ತಕ, ಪಾಲಿಸಿ ಎರಡೂ ಅವರ ಹೆಸರಿನಲ್ಲೇ ಇದ್ದರೆ ಕ್ಲೇಮಿಗೆ ಸಹಿ ಹಾಕುವವರು ಯಾರು? ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿದ್ದೂ ಇರಬೇಕು.

ಎಲ್ಲ ಸರಿಯಿದ್ದೂ ಕಂಪನಿ ಹಣ ಕೊಡದಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಕಲಾಸಿಪಾಳ್ಯದಲ್ಲಿ ಬಣ್ಣ ಒಣಗಿದ ಫಿಯೆಟ್ಟನ್ನು ನೋಡಿದವರಿಗೆ ಪೆಟ್ಟು ಬಿದ್ದ ಜಾಗ ಗೊತ್ತಾಗುವುದಿಲ್ಲ. ಅದು ಮೇಸ್ತ್ರಿಯ ಕೆಲಸ. ಮನೆಯವರ ಕೆಲಸಕ್ಕೆ ಅಷ್ಟು ಕೌಶಲ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಪಾಲಿಸಿ ನವೀಕರಿಸುವ ದಿನ ಕನ್ನಡಕ ಹಾಕಿಕೊಂಡು ಮೊದಲ ಪುಟದ ಆ ಒಂದು ಅಂಕಿಯನ್ನು ಓದಬೇಕು. ಅದು ತಮ್ಮ ಕಾರಿನ ಬೆಲೆಯಲ್ಲ ಎನಿಸಿದರೆ ಸಹಿಗೆ ಮುಂಚೆ ಹೇಳಬೇಕು.