ಖೆದಿವ್ ಇಸ್ಮಾಯಿಲ್ ಮುಳುಗಿದ ಮಧ್ಯಾಹ್ನ

ಎರಡನೇ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರ ನುಂಗಿದ ಹಡಗುಗಳು ಒಂದೆರಡಲ್ಲ. ಅವುಗಳಲ್ಲಿ ‘ಖೆದಿವ್ ಇಸ್ಮಾಯಿಲ್’ ಕಥೆ ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಕಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, 1922ರಲ್ಲಿ. ಮೊದಲು ಚಿಲಿ ದೇಶದವರ ಪ್ರಯಾಣಿಕ ಹಡಗು, ಆಮೇಲೆ ಈಜಿಪ್ಟಿನವರ ಪಾಲಾಯಿತು. ಯುದ್ಧ ಬಂತಲ್ಲ, 1940ರಲ್ಲಿ ಬ್ರಿಟಿಷರು ವಶಕ್ಕೆ ತೆಗೆದುಕೊಂಡು ಸೈನಿಕರನ್ನು ಸಾಗಿಸಲು ಹಚ್ಚಿದರು.

1944ರ ಫೆಬ್ರವರಿಯಲ್ಲಿ ಸೈನಿಕರನ್ನು ಹೊತ್ತ ಐದು ಹಡಗುಗಳು ಮೊಂಬಾಸಾದಿಂದ ಕೊಲಂಬೊ ಕಡೆಗೆ ಒಟ್ಟಾಗಿ ಹೊರಟವು. ಕಾವಲಿಗೆ ಯುದ್ಧನೌಕೆಗಳಿದ್ದವು. ಖೆದಿವ್ ಇಸ್ಮಾಯಿಲ್‌ನಲ್ಲಿ ಸಾವಿರದ ಐನೂರಕ್ಕೂ ಮಿಕ್ಕಿ ಜನ. ಪೂರ್ವ ಆಫ್ರಿಕಾದ ಫಿರಂಗಿ ದಳದವರೇ ಹೆಚ್ಚು. ನರ್ಸುಗಳೂ ಇದ್ದರು. 12ನೇ ತಾರೀಖು, ಮಾಲ್ಡೀವ್ಸ್ ಹತ್ತಿರ ಬಂದಾಗ ಮಧ್ಯಾಹ್ನದ ಊಟ ಮುಗಿದು, ಹಲವರು ಒಳಗೆ ಸಂಗೀತ ಕೇಳುತ್ತ ಕೂತಿದ್ದರು.

ಜಪಾನಿನ ಐ-27 ಜಲಾಂತರ್ಗಾಮಿಯ ಎರಡು ಟಾರ್ಪೆಡೊಗಳು ಬಡಿದವು. ಎರಡು ನಿಮಿಷ ಕಳೆಯುವುದರೊಳಗೆ ಹಡಗು ಕಾಣೆ! ಕೆಳಗಿನ ಡೆಕ್ಕಿನವರಿಗೆ ಮೆಟ್ಟಿಲು ಹತ್ತುವಷ್ಟು ಹೊತ್ತೂ ಸಿಗಲಿಲ್ಲ. ದೋಣಿ ಇಳಿಸುವ ಮಾತಂತೂ ದೂರವೇ ಉಳಿಯಿತು.

ಇನ್ನು ಮುಂದಿನದು ಹೇಳುವುದೇ ಕಷ್ಟ. ಬದುಕಿದವರು ಎಣ್ಣೆ ಹರಡಿದ ನೀರಿನಲ್ಲಿ ಸಿಕ್ಕಿದ್ದನ್ನು ಹಿಡಿದು ತೇಲುತ್ತಿದ್ದರು. ಐ-27 ಅಡಗಿದ್ದು ಅವರ ಕೆಳಗೇ. ಬಿಟ್ಟರೆ ಉಳಿದ ನಾಲ್ಕು ಹಡಗುಗಳ ಸಾವಿರಾರು ಜನರ ಗತಿಯೇನು? ಪೆಟಾರ್ಡ್, ಪಲಾಡಿನ್ ಎಂಬ ಎರಡು ಯುದ್ಧನೌಕೆಗಳು ನೀರೊಳಗೆ ಸಿಡಿಯುವ ಬಾಂಬುಗಳನ್ನು ಉರುಳಿಸಿದವು. ತಮ್ಮನ್ನು ಎತ್ತಿಕೊಳ್ಳಲು ಬರುತ್ತಿದ್ದಾರೆಂದು ಕೈಬೀಸಿದವರ ನಡುವೆಯೇ ನೀರು ಸಿಡಿದೆದ್ದಿತು. ಆ ಅಪ್ಪಣೆ ಕೊಟ್ಟವರನ್ನು ಕ್ರೂರಿಗಳೆನ್ನಲು ನನಗೆ ನಾಲಗೆ ಬರುವುದಿಲ್ಲ. ಅವರ ಜಾಗದಲ್ಲಿ ನಿಂತು ಬೇರೇನು ಮಾಡಬಹುದಿತ್ತೆಂದು ಎಷ್ಟೋ ಸಲ ಯೋಚಿಸಿದ್ದೇನೆ, ಉತ್ತರ ಹೊಳೆದಿಲ್ಲ.

ಜಲಾಂತರ್ಗಾಮಿ ಕೊನೆಗೆ ಮೇಲೆದ್ದಿತು. ಡಿಕ್ಕಿ ಹೊಡೆಯಲು ಹೋದ ಪಲಾಡಿನ್ ತನ್ನ ಹೊಟ್ಟೆಯನ್ನೇ ಸೀಳಿಸಿಕೊಂಡಿತು. ಗುಂಡು ಹೊಡೆದರೂ ಐ-27 ಮುಳುಗಲಿಲ್ಲ. ಪೆಟಾರ್ಡ್ ಬಿಟ್ಟ ಏಳನೆಯ ಟಾರ್ಪೆಡೊ ಅದನ್ನು ಮುಗಿಸಿತು.

ಖೆದಿವ್ ಇಸ್ಮಾಯಿಲ್‌ನಲ್ಲಿ ಸತ್ತವರು 1,297. ಬದುಕಿದ ಹೆಂಗಸರು ಆರೇ ಮಂದಿ. ತಮ್ಮದಲ್ಲದ ಯುದ್ಧಕ್ಕೆ ಹೊರಟು ಸತ್ತ ಆ ಆಫ್ರಿಕನ್ ಸೈನಿಕರ ಸ್ಮಾರಕ ನೈರೋಬಿಯ ಯುದ್ಧ ಸ್ಮಶಾನದಲ್ಲಿದೆ. ಆ ಕಡೆ ಹೋದರೆ ಸಿಂಹ, ಆನೆ ನೋಡಿ ಬರುವ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೂ ಹೋಗಿ ಬನ್ನಿ.